ಅಂಚಿನ ಲೆಕ್ಕ

ಬೆಟಗೇರಿಯ ನೇಕಾರರ ಸಂಘದ ಹಿಂದಿನ ಕೋಣೆಯಲ್ಲಿ
ಕಂಪ್ಯೂಟರಿಗೆ ನಿಯಮ ಬರೆದುಕೊಡುವುದು ನನ್ನ ಕೆಲಸ.
ಹೀಗಿದ್ದರೆ ಹಾಗೆ, ಇಲ್ಲದಿದ್ದರೆ ಹೀಗೆ.
ಅದಕ್ಕೆ ದಾಕ್ಷಿಣ್ಯವಿಲ್ಲ, ಬರೆದದ್ದನ್ನಷ್ಟೇ ನಂಬುತ್ತದೆ.

ಠರಾವಿನಲ್ಲಿದ್ದದ್ದು ಒಂದೇ ಸಾಲು:
ವರ್ಷಕ್ಕೆ ಅರವತ್ತು ಸೀರೆಗೆ ಮೇಲ್ಪಟ್ಟು ನೇಯ್ದವರಿಗೆ ಬೋನಸ್.
ಬರೆದೆ: ಸೀರೆ > ೬೦.
ಚಹಾ ಆರುವ ಮೊದಲೇ ಮುಗಿದಿತ್ತು.

ಮರುದಿನ ಕಿಟಕಿಗೆ ತುಳಸಾಬಾಯಿ ಬಾಂಡಗೆ.
ಪಾಸುಬುಕ್ಕನ್ನು ಸರಳುಗಳ ನಡುವೆ ತೂರಿಸಿ,
"ಅರವತ್ತು ನೇಯ್ದೀನಿ. ಒಂದ ಹೆಚ್ಚಿಲ್ಲ, ಒಂದ ಕಡಿಮಿ ಇಲ್ಲ.
ನಿಮ್ಮ ಮಿಶನ್ನಿಗೆ ಅರವತ್ತು ಅಂದ್ರ ಎಷ್ಟು?"

ಪರದೆ ತಿರುಗಿಸಿ ಗುರುತು ತೋರಿಸಿದೆ.
ಕನ್ನಡಕ ಏರಿಸಿ ನೋಡಿದಳು ಬಹಳ ಹೊತ್ತು.
"ಇದು ಲಾಳಿ ಮೂತಿ ಅಲ್ಲೇನವಾ? ಅರ್ಧಾ ಲಾಳಿ.
ಕೆಳಗ ಎಳಿ ಎಲ್ಲೈತಿ?
ಎಳಿ ಇಲ್ಲದ ಲಾಳಿ ಒಗದ್ರ
ಸಪ್ಪಳ ಬರತೈತಿ, ಅರಿವಿ ಬರೂದಿಲ್ಲ."

ಕೆಳಗೆ ಒಂದು ಎಳೆ ಹಾಕಿದೆ: ≥
ಪಟ್ಟಿ ಮತ್ತೆ ಓಡಿತು. ಅವಳ ಹೆಸರು ಬಂತು,
ಜೊತೆಗೆ ಇನ್ನೂ ಹನ್ನೊಂದು,
ಅರವತ್ತರ ಅಂಚಿನ ಮೇಲೆಯೇ ಕುಳಿತು
ಕಿಟಕಿಗೆ ಬಾರದೆ ಸುಮ್ಮನಿದ್ದವರು.

ಕಾರ್ಯದರ್ಶಿ ಪರಪ್ಪನವರು ಗದರಿದರು:
ಮೇಲ್ಪಟ್ಟು ಅಂದರೆ ಮೇಲೆ, ರೊಕ್ಕ ಯಾರಪ್ಪಂದು?
ಹದಿನೆಂಟು ಮೇಲ್ಪಟ್ಟವರು ಅಂದಾಗ, ಸರ್,
ಹದಿನೆಂಟು ತುಂಬಿದವರನ್ನು ವೋಟಿಗೆ ಬಿಡುವುದಿಲ್ಲವೇ?
ಎಲೆ ಅಡಿಕೆ ಬಾಯಿಗಿಟ್ಟುಕೊಂಡರು. ಅದೇ ಒಪ್ಪಿಗೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಅದೇ ವಾರ ಇನ್ನೊಂದು ನಿಯಮ ಬರೆದಿದ್ದೆ,
ಎರಡೂ ಮೂತಿ ಸೇರಿಸಿ, <>, ಪೂರ್ತಿ ಲಾಳಿ,
ಸಮವಲ್ಲ ಎಂದು ಅರ್ಥ:
ಈ ವರ್ಷದ ಲೆಕ್ಕ ಹೋದ ವರ್ಷದ್ದಕ್ಕೆ ಸಮವಲ್ಲದಿದ್ದರೆ
ಕಾರಣ ಕೇಳಿ ಕಾಗದ ಕಳಿಸು.

ಕಳಿಸಿತು. ವಿಠ್ಠಲಸಾ ಇರಕಲ್ ಮನೆಗೂ.
ಯುಗಾದಿಗೂ ಮೊದಲೇ ತೀರಿಕೊಂಡಿದ್ದ ಅವನ ಅಂಕಣ
ಸೊನ್ನೆಯಲ್ಲ, ಖಾಲಿ.
ಖಾಲಿ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ,
ಯಾವುದಕ್ಕೂ ಸಮವಲ್ಲ.
ಅಷ್ಟು ಮಟ್ಟಿಗೆ ಯಂತ್ರ ಸರಿ.
ನೇಯ್ಗೆ ಯಾಕೆ ನಿಂತಿದೆ, ಏಳು ದಿನದೊಳಗೆ ತಿಳಿಸಿ.

ಕಾಗದ ವಾಪಸು ತರಲು ನಾನೇ ಹೋದೆ.
ಮಗ್ಗದ ಕುಣಿಯ ಪಕ್ಕ ಅದನ್ನಿಟ್ಟು
ಮೇಲೆ ಅವನ ಲಾಳಿ ಹೇರಿದ್ದಳು ಹೆಂಡತಿ,
ಗಾಳಿಗೆ ಹಾರದ ಹಾಗೆ.
"ಏಳು ದಿನದೊಳಗ ಅಂದ್ರ
ಏಳನೇ ದಿನಾನೂ ಸೇರತೈತೇನು?" ಕೇಳಿದಳು.
"ಇವತ್ತ ಏಳು."