ಟಿಕೆಟ್ಟಿನ ಬೆನ್ನ ಮೇಲೆ

ಚಿಂತಾಮಣಿಯಿಂದ ಏಳು ಹತ್ತಕ್ಕೆ ಬಿಡುವ ಬಸ್ಸು ನಮ್ಮದು.
ನಮ್ಮದು ಅಂದರೆ ಓನರದು. ಸ್ಟೇರಿಂಗು ಚಾಂದ್ ಪಾಷನದು,
ಸೀಟಿ ನನ್ನದು.
ಹಿಂದಿನ ಬಾಗಿಲಲ್ಲಿ ಹತ್ತುವ, ನೀಲಿ ಬ್ಯಾಗಿನ,
ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯೂ ನನ್ನವಳೇ.
ಅದನ್ನು ಬಸ್ಸಿನಲ್ಲಿ ಹೇಳುವಂತಿಲ್ಲ.

ಮೊದಲ ವಾರ ಗೊತ್ತಾಗದೆ ಕೂಗಿಬಿಟ್ಟೆ,
‘ಬುಜ್ಜೀ, ಮುಂದೆ ಬಾ, ಸೀಟಿದೆ’ ಅಂತ.
ಕಾಲೇಜು ಹುಡುಗರೆಲ್ಲ ಒಟ್ಟಿಗೆ ತಿರುಗಿದರು.
ಒಂಬತ್ತು ದಿನ ಮಾತಿಲ್ಲ.
ಮನೆಯಲ್ಲಿ ತೆಲುಗು, ರೋಡಿನಲ್ಲಿ ಕನ್ನಡ,
ಪಾಷನ ಜೊತೆ ಅರೆಬರೆ ಉರ್ದು,
ಮೂರು ಭಾಷೆ ಇಟ್ಟುಕೊಂಡು ಒಂದರಲ್ಲೂ
ಹದಿನಾರು ವರ್ಷದವಳ ಹತ್ತಿರ ಏನನ್ನಬೇಕೋ ತಿಳಿಯಲಿಲ್ಲ.
ಮೌನಿಕಾ ಅಂತ ಹೆಸರಿಟ್ಟವನು ನೀನೇ ತಾನೆ,
ಅನುಭವಿಸು, ಅಂದಳು ಮುನಿಲಕ್ಷ್ಮಿ.

ಆಮೇಲೆ ನಾನು ಬರೀ ಕಂಡಕ್ಟರ್.
‘ಎಲ್ಲಿಗಮ್ಮ?’
‘ಚಿಕ್ಕಬಳ್ಳಾಪುರ ಒಂದು.’
ಬೆಳಿಗ್ಗೆ ನಾನೇ ಕೊಟ್ಟ ಐವತ್ತರ ನೋಟು
ಏಳೂವರೆಗೆ ನನ್ನ ಚೀಲಕ್ಕೇ ವಾಪಸ್ಸು.
ಒಂದು ದಿನ ಚಿಲ್ಲರೆ ಇರಲಿಲ್ಲ. ಎಲ್ಲರಿಗೂ ಮಾಡುವ ಹಾಗೆ
ಟಿಕೆಟ್ಟಿನ ಬೆನ್ನ ಮೇಲೆ ಗೀಚಿದೆ: ೮ ಬಾಕಿ.
ರಾತ್ರಿ ಶರ್ಟಿನ ಜೇಬಿಗೆ ಕೈ ಹಾಕಿದರೆ ಅದೇ ಟಿಕೆಟ್ಟು,
ಕೆಳಗೆ ನೀಲಿ ಇಂಕಲ್ಲಿ: ‘ಕೊಡ್ಲೇ ಇಲ್ಲ.’
ಮುನಿಲಕ್ಷ್ಮಿ ಕೇಳಿದಳು, ಯಾಕೆ ನಗ್ತೀಯ ಒಬ್ಬನೇ?

ಮಾರನೆಯ ದಿನ ಚೀಲದ ತುಂಬ ಚಿಲ್ಲರೆ ಇತ್ತು.
ಆದರೂ ಬರೆದೆ: ೮ ಬಾಕಿ. ತಿಂಡಿ ತಿಂದ್ಯಾ?
‘ಹ್ಞೂಂ.’
೮ ಬಾಕಿ. ಟೆಸ್ಟು?
‘ಕೇಳ್ಬೇಡ.’
೮ ಬಾಕಿ. ಕೇಳಲ್ಲ.
‘ಫಿಸಿಕ್ಸಲ್ಲಿ ಹನ್ನೊಂದು. ಅಮ್ಮನಿಗೆ ಹೇಳ್ಬೇಡ.’

ಹುಣಸೇನಹಳ್ಳಿ ಬರುವಷ್ಟರಲ್ಲಿ ತಲೆಯಲ್ಲಿ ಭಾಷಣ ತಯಾರು:
ನಮ್ಮಪ್ಪ ನನ್ನನ್ನು ಎಂಟನೇ ಕ್ಲಾಸಿಗೆ ಬಿಡಿಸಿದ್ದು,
ಹುಳದ ಮನೆಯಲ್ಲಿ ರಾತ್ರಿಯೆಲ್ಲ ಸೊಪ್ಪು ಹಾಕಿದ್ದು,
ನಿನಗೇನು ಕಮ್ಮಿ ಮಾಡಿದ್ದೇವೆ, ಆ ಫೋನು ಒಂದು...
ಟಿಕೆಟ್ಟಿನ ಅಗಲ ಎರಡು ಬೆರಳು.
ಬೈಯೋಕೆ ಜಾಗವಿಲ್ಲ.
ನಮ್ಮಪ್ಪನನ್ನು ಬಿಟ್ಟೆ, ಸೊಪ್ಪು ಬಿಟ್ಟೆ, ಫೋನು ಬಿಟ್ಟೆ.
೮ ಬಾಕಿ. ಹೇಳಲ್ಲ. ಯಾವ ಪಾಠ ಕಷ್ಟ?
ಅವಳು ಬೆನ್ನು ತುಂಬಿಸಿ, ಮುಂದಿನ ಬದಿಯ
ಅಚ್ಚಿನ ಅಕ್ಷರಗಳ ಸಂದಿಯಲ್ಲೂ ಬರೆದು ಕೊಟ್ಟಳು.
ಅರ್ಧ ನನಗೆ ಅರ್ಥವಾಗಲಿಲ್ಲ. ಎರಡು ಸಲ ಓದಿದೆ.

ಹೋದ ತಿಂಗಳು, ಗುರುವಾರ,
ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ವಾಸನೆ
ಬಸ್ಸೊಳಗೆ ನುಗ್ಗುವ ಕಡೆ,
ಅವಳು ಇಳಿದಳು.
ಕಾಲೇಜಿಗೆ ಇನ್ನೂ ಅರ್ಧ ದಾರಿ. ಟಿಕೆಟ್ಟು ಪೂರ್ತಿಯದು.
ಒಂದು ಸಲ ನನ್ನ ಮುಖ ನೋಡಿದಳು, ಸಣ್ಣವಳಿದ್ದಾಗ
ಇಂಜೆಕ್ಷನ್ನಿಗೆ ಮುಂಚೆ ನೋಡುತ್ತಿದ್ದ ಹಾಗೆ.
ಆಮೇಲೆ ರೋಡು ದಾಟಿದಳು.
ಸೀಟಿ ಬಾಯಲ್ಲೇ ಇತ್ತು. ಕನ್ನಡಿಯಲ್ಲಿ ಪಾಷ ನನ್ನನ್ನೇ ನೋಡುತ್ತಿದ್ದ.
ಹಿಂದೆ ಯಾರೋ ರೇಗಿದರು, ‘ಏನ್ ಕಂಡಕ್ಟ್ರೇ, ಇಲ್ಲೇ ಮಲಗೋದಾ?’
ಇಳಿದು ಓಡಬೇಕು ಅನ್ನಿಸಿತು. ಐವತ್ತೆಂಟು ಜನ ಇದ್ದರು.
ಜನ ಇಲ್ಲದಿದ್ದರೆ? ಗೊತ್ತಿಲ್ಲ.
ರೈಟ್ ಅಂದೆ.
ಆ ದಿನ ಇಬ್ಬರಿಗೆ ಒಂದೇ ಟಿಕೆಟ್ ಹರಿದೆ, ಒಬ್ಬನಿಗೆ ಎರಡು.

ಸಂಜೆ ನನಗಿಂತ ಮುಂಚೆ ಮನೆಯಲ್ಲಿದ್ದಳು.
ಮುದ್ದೆ ಮುರಿಯುತ್ತ ನಾನು, ಸಾರಿಗೆ ಉಪ್ಪು ಕಮ್ಮಿ ಅಂದೆ.
ಉಪ್ಪು ಸರಿಯಾಗಿತ್ತು.
ಅವಳೂ, ಹೌದು ಕಮ್ಮಿ, ಅಂದಳು.
ಬೆಳಿಗ್ಗೆ ಜೇಬಿನಲ್ಲಿ ಟಿಕೆಟ್ಟು:
‘ನೋಡಿದೆ ಅಂತ ಗೊತ್ತು. ತಪ್ಪೇನಲ್ಲ. ಹೇಳ್ತೀನಿ, ಈಗಲ್ಲ.’
ಅದರ ಕೆಳಗೆ, ನನ್ನ ಹಾಗೇ ಸೊಟ್ಟಗೆ: ‘೧ ಬಾಕಿ.’

ಇವತ್ತಿಗೆ ಇಪ್ಪತ್ತೆರಡು ದಿನ.
ಓನರು ಮಿಷನ್ನು ತರುತ್ತಾರಂತೆ,
ಆ ಕಾಗದದ ಮೇಲೆ ಪೆನ್ನು ಹಿಡಿಯುವುದಿಲ್ಲವಂತೆ.
ಹಳೇ ಬಂಡಲ್ಲು ಎರಡು ಎತ್ತಿಟ್ಟುಕೊಂಡಿದ್ದೇನೆ.
ನಿನ್ನೆ ಅವಳು ಎರಡು ಸೀಟು ಮುಂದಕ್ಕೆ ಕೂತಿದ್ದಳು, ಬಿಸಿಲಿಗೋ ಏನೋ.
‘ಎಲ್ಲಿಗಮ್ಮ?’ ಅಂದೆ.
ಕಿವಿಯಿಂದ ಒಂದು ವೈರು ತೆಗೆದಳು.
‘ಗೊತ್ತಲ್ವಾ?’ ಅಂದಳು.