ಸೆಕ್ಟರ್ ಇಲ್ಲದ ಊರು

ಲಿಥಿಯಂ ಕಾರ್ಬೊನೇಟು, ಬೋರಿಕ್ ಆಮ್ಲ,
ಖಲಬತ್ತಿನಲ್ಲಿ ಅರೆದದ್ದು ಒಂದು ತಾಸು.
ಒಂಬೈನೂರೈವತ್ತು ಡಿಗ್ರಿಯ ಕುಲುಮೆಯೊಳಗೆ
ಗುಳ್ಳೆಯೆಲ್ಲ ಒಡೆದು, ಗದ್ದಲ ನಿಂತು
ಮೂಸೆಯ ತಳದಲ್ಲಿ ತಿಳಿಯಾದ ಮೇಲೆ
ಹಿತ್ತಾಳೆ ತಗಡಿನ ಮೇಲೆ ಸುರಿದು
ಇನ್ನೊಂದು ತಗಡಿನಿಂದ ತಟ್ಟನೆ ಒತ್ತಬೇಕು.
ತಡ ಮಾಡಿದರೆ ಸಾಲು ಹಿಡಿದು ಕೂತುಬಿಡುತ್ತವೆ,
ಹರಳಾಗುತ್ತವೆ.
ನನಗೆ ಬೇಕಾದದ್ದು ಸಾಲಲ್ಲ.

ಒತ್ತುವ ಕೈ ಮೌಲಾಸಾಬರದು,
ಲ್ಯಾಬಿನ ಅಟೆಂಡರ್, ಬರುವ ವರ್ಷ ರಿಟೈರು.
"ಸುರೀರಿ ಬಾಯಾರ, ನಾ ಅದೀನಿ."
ಟಣ್ಣೆಂದು ತಗಡು ಕೂಡುತ್ತದೆ.
ನಡುವೆ ರೂಪಾಯಿಯಗಲದ ಬಿಲ್ಲೆ, ಒಂದು ಸೀಳೂ ಇಲ್ಲ.

ಎಕ್ಸ್‌ರೇ ಹಾಯಿಸಿದೆ. ಚೂಪು ಶಿಖರ ಒಂದೂ ಬರಲಿಲ್ಲ,
ಕೌದಿಯೊಳಗೆ ಯಾರೋ ಮಲಗಿದ ಹಾಗೆ
ಅಗಲ ಉಬ್ಬೊಂದು.
ನಮ್ಮ ವಿದ್ಯೆಯಲ್ಲಿ ಇದು ಸಿಹಿ ಸುದ್ದಿ.
"ಏನೂ ಕಾಣವಲ್ದು, ಇದಕ್ಕ ಯಾಕ ಇಷ್ಟು ಖುಷಿ?"

ಪರದೆಯ ಮೇಲೆ ಜಾಲದ ಚಿತ್ರ ತೆಗೆದೆ.
ಬೋರಾನಿನ ತ್ರಿಕೋನ, ಅಲ್ಲೊಂದು ನಾಲ್ಕು ಮೂಲೆಯದು,
ನಡುವೆ ಸೇತುವೆಯಾದ ಆಮ್ಲಜನಕ,
ಕೆಲವೆಡೆ ಸೇತುವೆ ಕಡಿದು ಒಂದೇ ಕೈ ಚಾಚಿ ನಿಂತದ್ದು.
ಸಂದಿಯಲ್ಲಿ ಲಿಥಿಯಂ, ಎಲ್ಲರಿಗಿಂತ ಸಣ್ಣದು.
ಅದು ದಾಟಿದರೆ ಬ್ಯಾಟರಿ.

ಅವರು ಚಾಳೀಸು ಹಾಕಿಕೊಂಡರು.
"ಇದು ಕಿಲ್ಲಾ ಓಣಿ ಅಲ್ರಿ?"

ನಾನು ಹುಟ್ಟಿದ್ದು ನವನಗರದಲ್ಲಿ,
ಗೆರೆ ಹೊಡೆದು ನಂಬರು ಕೊಟ್ಟ ಊರಲ್ಲಿ;
ಒಂದು ಅಡ್ಡರಸ್ತೆ ಕಂಡರೆ ಉಳಿದದ್ದೆಲ್ಲ ಕಂಡಂತೆ.
ಹಿನ್ನೀರಿನ ಕೆಳಗಿನ ಬಾಗಲಕೋಟೆ ನನಗೆ
ಬೇಸಿಗೆಯಲ್ಲಿ ತಲೆಯೆತ್ತುವ ನಾಕು ಗೋಡೆ.

ಅವರು ಅಲ್ಲಿ ಒಂಬತ್ತನೇ ವಯಸ್ಸಿಗೆ ಚಹಾ ಹೊತ್ತವರು.
ತಂತಿ ಬುಟ್ಟಿ, ಆರು ಗಾಜಿನ ಗ್ಲಾಸು.
"ಎದುರಿಗೆ ಎಮ್ಮಿ ಬಂದ್ರ ಗ್ವಾಡಿಗೆ ಹತ್ತಿ ನಿಲ್ಲೂದು.
ಅದು ಹೋಗೂತನಾ ಕಾಯೂದು. ಆಮ್ಯಾಲೆ ಜಿಗದ ಬಿಡೂದು.
ನೆಟ್ಟಗಿನ ದಾರಿ ಎಲ್ಲಿದ್ದೂವ್ರಿ?
ಕುಂಟೋಜಿಯವರ ಕಟ್ಟಿ ಕುಸದದ್ದ ಛಲೋ ಆತು,
ಪ್ಯಾಟಿಗೆ ಅದ ಸನೇದ ಹಾದಿ."

ಜಿಗಿತ. ನಮ್ಮ ಪೇಪರುಗಳಲ್ಲೂ ಅದೇ ಪದ.
ಪಕ್ಕದ ಮನೆ ತೆರವಾಗುವ ತನಕ ಕಾಯುತ್ತದೆ ಅಯಾನು,
ಆಮೇಲೆ ಜಿಗಿಯುತ್ತದೆ. ಇದನ್ನು ಬರೆಯಲು
ನನಗೆ ಹನ್ನೊಂದು ಪುಟ ಹಿಡಿದಿತ್ತು.

ಸಂಜೆ ವಾಹಕತೆ ಅಳೆಯಲು ಕೂತೆವು.
ಬೆಳ್ಳಿ ಬಳಿದ ಬಿಲ್ಲೆ, ಎರಡು ತಂತಿ,
ಚುಕ್ಕೆ ಚುಕ್ಕೆಯಾಗಿ ಅರ್ಧಚಂದ್ರ ಏಳುತ್ತಿತ್ತು.
ನೂರಿಪ್ಪತ್ತು ಡಿಗ್ರಿಗೆ ಕರೆಂಟು ಹೋಯಿತು.
ಮತ್ತೆ ಮೊದಲಿಂದ.

ಕತ್ತಲಲ್ಲಿ ಅವರು ಇನ್ನೂ ಅಲ್ಲೇ ಇದ್ದರು:
"ಮಸೂತಿ ಮೂಲಿಗೆ ಎರಡು, ಪೋಸ್ಟಿಗೆ ನಾಕು,
ಪತ್ತಾರರ ಮುದುಕಗ ಸಕ್ಕರಿ ಇಲ್ಲದ್ದು ಒಂದು,
ಅಲ್ಲಿಂದ ಎಡಕ್ಕ... ಎಡಕ್ಕೋ, ಬಲಕ್ಕೋ,
ತಡೀರಿ ಬಾಯಾರ."