ಫ್ರಿಜ್ಜಿನಲ್ಲಿ ನದಿ

ಭಾನುವಾರ ನಸುಕಿಗೇ ಎಬ್ಬಿಸುತ್ತೇನೆ.
"ಫುಟ್‌ಬಾಲ್ ಇದೆ ಯುಮ್ಮಾ, ಎಲ್ಲರಿಗೂ ಭಾನುವಾರವೇ ಇರೋದು"
ದಿಂಬಿನೊಳಗೇ ಗೊಣಗುತ್ತಾಳೆ ಮೈಸಾನ್.
ಗೊಣಗಲಿ. ಬಿಳಿ ನಿಲುವಂಗಿ ಕಾರಿನ ಹಿಂದಿನ ಸೀಟಿಗೆ ಹೋಯಿತು,
ಪಕ್ಕದಲ್ಲೊಂದು ಡಬ್ಬಿ, ಅದರ ತುಂಬ ಮರ್ಟಲ್ ಎಲೆ.
ಹಿತ್ತಿಲ ಬೇಲಿಗೆ ನಾವೇ ನೆಟ್ಟ ಗಿಡ,
ಮನೆ ಮಾಲೀಕ ಎರಡು ಸಲ ಕಡಿದ,
ಎರಡು ಸಲವೂ ಚಿಗುರಿತು.

ಲಿವರ್‌ಪೂಲಿನಿಂದ ನೆಪಿಯನ್ ನದಿಗೆ ಮುಕ್ಕಾಲು ಗಂಟೆ.
ದಾರಿಯುದ್ದಕ್ಕೂ ಅವಳ ಪ್ರಶ್ನೆ.
ನಾವು ಕ್ರಿಶ್ಚಿಯನ್ನರಾ? ಅಲ್ಲ.
ಮತ್ತೆ ಸ್ನಾನ ಮಾಡಿಸುವ ಯೋಹಾನ? ಅವನು ನಮ್ಮವನು, ಯಹ್ಯಾ.
ಮುಸ್ಲಿಮರಾ? ಅಲ್ಲ.
ಶಾಲೆಯ ಫಾರಮ್ಮಿನಲ್ಲಿ ಏನು ಬರೆದೆ?
ಮಂದಾಯಿ ಎಂದು ಬರೆದಿದ್ದೆ ಮೊದಲು,
ಗುಮಾಸ್ತೆ ಕಾಗುಣಿತ ಕೇಳಿದಳು, ಆಮೇಲೆ ಭೂಪಟ ಕೇಳಿದಳು.
ಬೇಸತ್ತು ಬರೆದೆ: ಇತರೆ.
ಸ್ವಲ್ಪ ಹೊತ್ತು ಕಿಟಕಿ ನೋಡಿ ಅಂದಳು ಮಗಳು,
"ಇತರೆ ಚೆನ್ನಾಗಿದೆ. ಅದರಲ್ಲಿ ತುಂಬಾ ಜಾಗ ಇರತ್ತೆ."

ಶಾಲೆಯಲ್ಲಿ ಅವಳು ಮೇಸನ್. ಹುಡುಗರ ಹೆಸರು.
ಮನೆಯಲ್ಲಿ, ನಾವು ಬಿಟ್ಟುಬಂದ ಸೀಮೆಯ ಹೆಸರು.
ಇವೆರಡೂ ಅಲ್ಲದ ಇನ್ನೊಂದಿದೆ,
ಹುಟ್ಟಿದ ಗಳಿಗೆ ಎಣಿಸಿ ತರ್ಮಿದಾ ಕೊಟ್ಟದ್ದು,
ನನ್ನ ಹೆಸರಿಗೆ ಗಂಟು ಹಾಕಿದ್ದು,
ಅಪ್ಪನದಕ್ಕಲ್ಲ, ನನ್ನದಕ್ಕೆ.
ನೀರಿಗೆ ಗೊತ್ತು ಅದು. ಇಲ್ಲಿ ಬರೆಯಲಾರೆ.

ಹೋದ ಚಳಿಗಾಲ ಒಂದು ಚಾಕೊಲೇಟಿಗೆ
ಆ ಹೆಸರನ್ನು ಗೆಳತಿ ತಲೀಸಾಗೆ ಮಾರಿ ಬಂದಿದ್ದಳು.
ಎದೆ ಧಸಕ್ಕೆಂದಿತು. ಬೈಯಲು ಬಾಯಿ ತೆರೆದೆ.
"ಹೇಳೋಕೇ ಬರಲಿಲ್ಲ ಅವಳಿಗೆ, ಗಂಟಲಲ್ಲೇ ಸಿಕ್ಕಿಕೊಂಡಿತು,
ಚಾಕೊಲೇಟ್ ಅರ್ಧ ವಾಪಸು ಕೊಟ್ಟೆ."
ಗುಟ್ಟು ಹೀಗೂ ಉಳಿಯುತ್ತದೆ.

ಅಮಾರಾದಲ್ಲಿ ನನ್ನಪ್ಪ ಜಹ್ರೂನ್
ಬೆಳ್ಳಿಯ ಮೇಲೆ ದೋಣಿ ಕೊರೆದು ಕಪ್ಪು ತುಂಬುತ್ತಿದ್ದ.
ಭಾನುವಾರ ದಿಜ್ಲಾದ ನೀರಿಗೆ ಮೂರು ಸಲ ಮುಳುಗಿಸುತ್ತಿದ್ದರು,
ಮೇಲೆದ್ದಾಗ ಕಣ್ಣೆದುರಿಗೆ ಜೊಂಡು, ಅಪ್ಪ, ಇಡೀ ಕೇರಿ.
ಯಾರೂ ನನಗೇನೂ ವಿವರಿಸಲಿಲ್ಲ.
ವಿವರಿಸಬೇಕಾಗಿ ಬಂದಾಗಲೇ
ನಾವೆಷ್ಟು ಕಡಿಮೆಯಾಗಿದ್ದೇವೆಂದು ತಿಳಿಯುವುದು.

ಇಲ್ಲಿ ಮೋಟಾರು ದೋಣಿಯೊಂದು ಭರ್ರನೆ ಹಾಯ್ದು
ಅಲೆ ಬಂದು ತರ್ಮಿದಾ ಸಲ್ವಾನರ ಎದೆಗೆ ಬಡಿಯಿತು.
ಪ್ರಾರ್ಥನೆಯ ಸಾಲನ್ನು ಬಾಯಲ್ಲೇ ಹಿಡಿದು ನಿಂತರು,
ನೀರು ತಣಿಯಿತು, ಮುಂದುವರಿಸಿದರು.
ಕಯಾಕಿನ ಹುಡುಗನೊಬ್ಬ ಕೂಗಿದ: ಚಳಿಯಾ?
"ಬಾ, ನೀನೇ ನೋಡು" ಎಂದಳು ಮೈಸಾನ್, ಹಲ್ಲು ಕಟಕಟಿಸುತ್ತ.

ಯಾರೂ ಬರುವಂತಿಲ್ಲ ಎಂದು ಅವಳಿಗಿನ್ನೂ ಹೇಳಿಲ್ಲ.
ಒಳಗೆ ಬರಲು ಹುಟ್ಟಿಯೇ ಬರಬೇಕು,
ಹೊರಗೆ ಹೋಗಲು ಒಂದು ಮದುವೆ ಸಾಕು.
ಎಂಟಾಗಲಿ, ಹೇಳೋಣ ಅಂದುಕೊಂಡಿದ್ದೆ.
ಈಗ ಒಂಬತ್ತು.
ಹನ್ನೊಂದಾಗಲಿ.

ಬುಧವಾರ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಸಿಕ್ಕಿತು ಬಾಟಲಿ,
ಕ್ರೇಯಾನಿನಲ್ಲಿ ಬರೆದಿತ್ತು: ನದಿ. ಕುಡಿಯಬೇಡಿ.
ಕೂರಿಸಿಕೊಂಡು ಹೇಳಿದೆ, ಹರಿವುದಷ್ಟೇ ಜೀವದ ನೀರು ಮಗಳೇ,
ಕಡಿದು ತಂದದ್ದು ಸತ್ತ ನೀರು.
ಬಾಟಲಿಯನ್ನು ಕಿವಿಗಿಟ್ಟು ಅಲುಗಿಸಿದಳು.
"ಸತ್ತಿಲ್ಲ. ನಿದ್ದೆ."
ನನ್ನ ಮುತ್ತಜ್ಜಂದಿರು ತಲೆತಲಾಂತರ ಬರೆದಿಟ್ಟದ್ದಕ್ಕೆ
ಇದು ಪೂರ್ತಿ ವಿರುದ್ಧ.
ನಾನು ಬಾಟಲಿಯನ್ನು ಮೊಸರಿನ ಹಿಂದೆಯೇ ಇಟ್ಟೆ.

ಮುಂದಿನ ಭಾನುವಾರ ಎಬ್ಬಿಸಬೇಕಾಗಲಿಲ್ಲ.
ತೊಡೆಯ ಮೇಲೆ ಬಾಟಲಿ, ಅದಕ್ಕೂ ಸೀಟುಬೆಲ್ಟು.
ದಡದಲ್ಲಿ ಕುಕ್ಕರುಗಾಲಲ್ಲಿ ಕೂತು
ನಿಧಾನ ಸುರಿದಳು, ಕೊನೆಯ ಹನಿಯನ್ನೂ ಕೊಡವಿ.
"ಇದರಲ್ಲಿ ನಮ್ಮದು ಯಾವುದು ಈಗ?"
ತೋರಿಸಲೆಂದು ಕೈ ಎತ್ತಿದೆ.
ಅದಾಗಲೇ ಸೇತುವೆ ದಾಟಿತ್ತು.

ಹತ್ತಕ್ಕೆ ಫುಟ್‌ಬಾಲ್. ಒದ್ದೆ ಕೂದಲಲ್ಲೇ ಬಿಟ್ಟುಬಂದೆ.
ಬೂಟಿನ ದಾರ ಕಟ್ಟದೆ ಓಡಿದಳು ಮೈದಾನಕ್ಕೆ,
ಮೇಸನ್, ಮೇಸನ್ ಎಂದು ಕರೆಯುತ್ತಿದ್ದವರ ಕಡೆಗೆ.
ಕಿವಿಯ ಹಿಂದೆ ಒಂದು ಮರ್ಟಲ್ ಎಲೆ ಅಂಟಿಕೊಂಡೇ ಇತ್ತು.
ನಾನು ಹೇಳಲಿಲ್ಲ.